ಹೊರೆ ಇಳಿಸುವ ಕಲ್ಲು

"ಆ ಕಲ್ಲೊಂದು ಬಿಡಿ ಮಾಷ್ಟ್ರೆ, ಬೇರೆ ಎಂತ ಬೇಕಾದ್ರೂ ತೆಗೆಯುವ," ಎಂದು ಮೇಸ್ತ್ರಿ ಚೆನ್ನಪ್ಪ ಮೂರನೆಯ ಸಲ ಹೇಳಿ ಹಾರೆಯನ್ನು ನೆಲಕ್ಕಿಟ್ಟ.

ಗೌರೀಶಂಕರ ಮೇಷ್ಟ್ರು ನಕ್ಕರು. ಘಟ್ಟದ ಮೇಲಿನಿಂದ ನೆಟ್ಟಣಕ್ಕೆ ಬಂದು ಎರಡು ವರ್ಷ, ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ, ಈಗ ರೈಲ್ವೆ ಸ್ಟೇಷನ್ನಿನ ರಸ್ತೆಯ ತಿರುವಿನಲ್ಲಿ ಹೊಸ ಮನೆ. ಇಷ್ಟೆಲ್ಲ ಇರುವವರು ಒಂದು ಕಲ್ಲಿಗೆ ಹೆದರುವುದುಂಟೇ?

ನಿಲ್ಲಿಸಿದ ಎರಡು ಕಂಬಗಳ ಮೇಲೆ ಅಡ್ಡ ಹಾಸಿದ ಉದ್ದನೆಯ ಚಪ್ಪಡಿ ಅದು. ತಲೆಹೊರೆಯವರು ಏರು ಹತ್ತಿ ಬಂದು, ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ಬಿಡುತ್ತಿದ್ದರು. ಆಮೇಲೆ ತಿರುವಿನ ಎರಡೂ ಕಡೆ ನೋಡಿ ರಸ್ತೆ ದಾಟುತ್ತಿದ್ದರು. ಹೋಗುವ ಮುಂಚೆ ಕಲ್ಲಿಗೆ ಒಂದು ಹಸಿ ಎಲೆ ಇಡುವುದು ಅವರ ಕ್ರಮ.

"ಹೊರೆ ಇಳಿಸ್ಲಿಕ್ಕೆ ಒಬ್ರೂ ಸಿಕ್ಕದೆ ಒಬ್ಬಳು ಬಸುರಿ ಇಲ್ಲಿ ಬಿದ್ದು ಸತ್ತದ್ದು," ಎಂದ ಚೆನ್ನಪ್ಪ ದನಿ ತಗ್ಗಿಸಿ. "ಅವಳ ಹೆಸರಲ್ಲಿ ಮಂತ್ರ ಹಾಕಿ ಇಟ್ಟ ಕಲ್ಲು. ಅವಳ ಹೊರೆ ಇನ್ನೂ ಇದರ ಮೇಲೆ ಉಂಟು. ಕಲ್ಲು ತೆಗೆದವರ ತಲೆಗೆ ಅದು ಬರ್ತದೆ."

ನೆರೆಮನೆಯ ತ್ಯಾಂಪಣ್ಣನಿಗೆ ಬೇರೆಯೇ ಚಿಂತೆ. "ಮಂತ್ರ ಬಿಡಿ ಮಾರಾಯ್ರೆ. ನಿಮ್ಮ ಕಂಪೌಂಡು ರಸ್ತೆಗೇ ಬಂತು. ನಡೆಯುವವರು ಎಲ್ಲಿ ನಿಲ್ಲುದು? ಮರದ ಲಾರಿಯವರು ಇಲ್ಲಿ ಹಾರ್ನ್ ಸಹ ಹಾಕುದಿಲ್ಲ."

"ನಕ್ಷೆಯ ಪ್ರಕಾರ ಕಲ್ಲು ನನ್ನ ಜಾಗದಲ್ಲಿದೆ," ಎಂದರು ಮೇಷ್ಟ್ರು. ಚಪ್ಪಡಿ ಹೊಸ ಮನೆಯ ಬಾಗಿಲಿಗೆ ಮೆಟ್ಟಿಲಾಯಿತು. ಚೆನ್ನಪ್ಪ ಮಾತ್ರ ಅದಕ್ಕೆ ಕೈ ಹಚ್ಚಲಿಲ್ಲ.

ಹೊಸ ಮನೆಗೆ ಒಕ್ಕಲಾದ ಮರುದಿನ ಮುಂಜಾನೆ ಮೆಟ್ಟಿಲ ಮೇಲೆ ಒಂದು ಹಸಿ ಎಲೆ ಇತ್ತು. ಮೇಷ್ಟ್ರು ಕಾಲಿನಿಂದ ಒದ್ದರು. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು. ಜೊತೆಗೆ ಹಸಿ ಸೌದೆಯ, ಬೆವರಿನ ವಾಸನೆ. ಗೇಟು ದಾಟಿ ಒಳಗೆ ಬಂದು ಯಾರೋ ಮಾಟ ಮಾಡುತ್ತಿದ್ದಾರೆ! ವಿಜ್ಞಾನದ ಮೇಷ್ಟ್ರು ರಾತ್ರಿ ಎದ್ದೆದ್ದು ಬಾಗಿಲ ಚಿಲಕ ನೋಡತೊಡಗಿದರು. ಹೆದರಿದ್ದು ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದಲ್ಲ, ಯಾರಿಗೂ ಹೇಳಲಿಲ್ಲ.

ಎಂಟನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವರು ಬಾಗಿಲ ಹಿಂದೆ ಕಾದು ನಿಂತರು. ಹೊರಗೆ ದಟ್ಟ ಮಂಜು. ಗೇಟು ಕಿರುಗುಟ್ಟಿತು. ಬಂದವಳು ಸೌದೆ ಮಾರುವ ಮುದುಕಿ ಅಮ್ಮು. ತಲೆಯ ಮೇಲೆ ಹೊರೆ, ಕೈಯಲ್ಲಿ ಎಲೆ.

"ಮಾಟ ಮಾಡ್ತೀಯಾ? ನಡಿ ಆಚೆ!" ಮೇಷ್ಟ್ರು ಅವಳನ್ನು ಗೇಟಿನ ಹೊರಗೆ ಅಟ್ಟಿದರು.

ಅಮ್ಮುವಿನ ಕುತ್ತಿಗೆಯ ನರ ಉಬ್ಬಿತ್ತು. "ಸ್ವಲ್ಪ ಕೈ ಕೊಡಿ ಮಾಷ್ಟ್ರೆ," ಎಂದಳು ಮೆಲ್ಲಗೆ. "ಹೊರೆ ಇಳಿಸಿ ಹೇಳ್ತೇನೆ. ಆಗುದಿಲ್ಲ ನನಗೆ."

ಮೇಷ್ಟ್ರು ಕೈ ಕಟ್ಟಿಕೊಂಡು ನಿಂತರು. ಅವಳು ತೂರಾಡಿದಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಗೇಟಿನಾಚೆ ನಿಲ್ಲಲು ಜಾಗವಿಲ್ಲ, ಹಿಂದೆ ರಸ್ತೆಯೇ. ಮಂಜಿನೊಳಗಿಂದ ಲಾರಿ ಬಂತು.

ಸೌದೆ ರಸ್ತೆಯುದ್ದಕ್ಕೂ ಚೆಲ್ಲಿತು. ಅಮ್ಮು ಏಳಲಿಲ್ಲ.

ಜನ ಸೇರಿದರು. "ಅವಳೇ ಹಿಂದೆ ಸರಿದಳು," ಎಂದರು ಮೇಷ್ಟ್ರು. "ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ." ತ್ಯಾಂಪಣ್ಣ ಹೆಣದ ಮುಷ್ಟಿಯೊಳಗಿನ ಎಲೆ ನೋಡಿದ. "ಕಲ್ಲಿಗೆ ಇಡ್ಲಿಕ್ಕೆ ಬಂದದ್ದು ಪಾಪ. ಕಲ್ಲು ನಿಮ್ಮ ಬಾಗಿಲಲ್ಲಿ ಉಂಟಲ್ಲ," ಎಂದ. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯೊಳಗೆ ಹೋಗಲು ಮೆಟ್ಟಿಲ ಮೇಲೆ ಕಾಲಿಟ್ಟರು. ಧಪ್ಪನೆ ಏನೋ ತಲೆಯ ಮೇಲೆ ಬಂದು ಕೂತಿತು. ಕೈ ಎತ್ತಿ ತಡಕಿದರು. ಏನೂ ಇಲ್ಲ. ಆದರೆ ಭಾರ. ಹಸಿ ಸೌದೆಯ ವಾಸನೆ. ಬೆವರು. ಕುತ್ತಿಗೆ ಬಗ್ಗಿತು. ಮಲಗಿದರೂ ಭಾರ, ಕೂತರೂ ಭಾರ. ಉಣ್ಣುವಾಗ ಅನ್ನದ ತಟ್ಟೆಗೇ ಮೂಗು ತಾಗುವಷ್ಟು ತಲೆ ಬಾಗಿತು. ಡಾಕ್ಟರರಿಗೆ ಏನೂ ಕಾಣಲಿಲ್ಲ.

ಹದಿನೈದನೆಯ ದಿನ ಮೇಷ್ಟ್ರು ಕಂಪೌಂಡು ಒಡೆಸಿದರು, ಕಲ್ಲನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಚಪ್ಪಡಿಗೆ ತಲೆ ಒತ್ತಿ ಜಾರಿಸಿ ನೋಡಿದರು. ಇಳಿಯಲಿಲ್ಲ. ಮತ್ತೆ ಒತ್ತಿದರು. ಹಣೆ ಸುಲಿಯಿತು. ಇಳಿಯಲಿಲ್ಲ.

ಹೊರೆ ಹೊತ್ತ ಹೆಂಗಸರು ಏರು ಹತ್ತಿ ಬಂದರು. ಮುಂದಿದ್ದವಳು ಅಮ್ಮುವಿನ ಮಗಳು ಸೇವಂತಿ. ತನ್ನ ಹೊರೆ ಕಲ್ಲಿಗೆ ಜಾರಿಸಿ ಮೇಷ್ಟ್ರನ್ನು ನೋಡಿದಳು.

"ಸ್ವಲ್ಪ ಕೈ ಕೊಡಮ್ಮಾ," ಎಂದರು ಅವರು.

ಸೇವಂತಿ ಅವರ ತಲೆಯ ಮೇಲಿನ ಬರಿಗಾಳಿಗೆ ಎರಡೂ ಕೈ ಕೊಟ್ಟಳು. ಅವಳ ತೋಳು ಬಿಗಿಯಿತು. ಭಾರ ಬೆರಳಷ್ಟು ಮೇಲೆದ್ದಿತು. ಹದಿನೈದು ದಿನಗಳ ನಂತರ ಮೇಷ್ಟ್ರು ತಲೆಯೆತ್ತಿ ಮನುಷ್ಯರ ಮುಖ ನೋಡಿದರು.

"ಇದು ಅಮ್ಮನ ಹೊರೆ," ಎಂದಳು ಸೇವಂತಿ. "ಆ ದಿನ ಅಮ್ಮ ನಿಮ್ಮತ್ರ ಕೈ ಕೇಳಿದ್ರಾ ಮಾಷ್ಟ್ರೆ?"

ಹೆಂಗಸರೆಲ್ಲ ನೋಡುತ್ತಿದ್ದರು. ತ್ಯಾಂಪಣ್ಣನೂ ನೋಡುತ್ತಿದ್ದ. ಹೌದು ಎನ್ನಬೇಕು. ಒಂದೇ ಮಾತು. ನಾಲಿಗೆಯ ತುದಿಗೆ ಬಂತು. ಇಷ್ಟು ಮುಖಗಳು. ನಾಳೆ ಶಾಲೆಗೆ ಹೋಗಬೇಕು.

"ಇಲ್ಲ," ಎಂದರು ಮೇಷ್ಟ್ರು.

ಸೇವಂತಿ ಕೈ ತೆಗೆದಳು. ಕಲ್ಲಿನ ಮೇಲೆ ಒಂದು ಹಸಿ ಎಲೆ ಇಟ್ಟು, ತನ್ನ ಹೊರೆ ಎತ್ತಿಕೊಂಡು, ಎರಡೂ ಕಡೆ ನೋಡಿ ರಸ್ತೆ ದಾಟಿದಳು.