ಸುಬ್ಬರಾಯಪ್ಪನ ಎಲೆ

ಈ ಕಥೆಯನ್ನು ಮೊದಲು ಹೇಳಿದವರು ಹೋಳೂರಿನ ಭಾರತಮ್ಮ. ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಅವರ ಜಗಲಿಯ ತುಂಬ ಹೆಂಗಸರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಗ.

ನೆರೆಮನೆಯ ಮುನಿಗಂಗಮ್ಮ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ಸುಬ್ಬರಾಯಪ್ಪ ದುಡಿಯಲು ರಂಗೂನಿಗೆ ಹೋಗಿದ್ದರು. ಮರಳಿ ಬರುವಾಗ ಅವರಿದ್ದ ಹೊಗೆಹಡಗು ಬಿರುಗಾಳಿಗೆ ಸಿಕ್ಕಿ, ದಡ ಕಾಣುವಷ್ಟು ಹತ್ತಿರದಲ್ಲಿ ಬಂಡೆಗೆ ಬಡಿದು ಮುಳುಗಿತು. ಕೆಲವರು ಈಜಿ ಬದುಕಿದರೆಂದು ಸುದ್ದಿ ಬಂತು. ಅದನ್ನೇ ನಂಬಿ ಹೆಂಡತಿ ಬಳೆ ತೆಗೆಯಲಿಲ್ಲ. ಕಾಯುತ್ತಲೇ ಕಣ್ಣು ಮುಚ್ಚಿದರು. ಆ ಮನೆಯ ಹಿರಿಯರ ಹಬ್ಬದಲ್ಲಿ ತೀರಿಹೋದ ಎಲ್ಲರಿಗೂ ಎಡೆಯುಂಟು, ಸುಬ್ಬರಾಯಪ್ಪನಿಗೆ ಮಾತ್ರ ಇಲ್ಲ.

ಎಷ್ಟೋ ದಶಕಗಳ ಮೇಲೆ ಆ ಹಡಗಿನ ಕಥೆ ಕೇಳಲು ಬಂದವನು ನಂಗಲಿಯ ನಂದೀಶ್. ಮುಳುಗಿದ ಹಡಗುಗಳನ್ನು ಹುಡುಕುವ ತಂಡದಲ್ಲಿ ಸಮುದ್ರದಾಳಕ್ಕಿಳಿಯುವುದು ಅವನ ಕೆಲಸ. ಬಾಗಿಲು ತೆರೆದವಳು ಮುನಿಗಂಗಮ್ಮನ ಮೊಮ್ಮಗಳು ಶಿವಾನಿ. ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಆಗಷ್ಟೇ ಇಳಿದಿದ್ದಳು.

"ಬಾವೀಲೇ ನೀರಿಲ್ದಿರೋ ಸೀಮೆಯೋರು, ಸಮುದ್ರಕ್ಕೆ ಧುಮುಕ್ತೀರಾ?" ಕಣ್ಣಂಚಿನಲ್ಲೇ ನಕ್ಕಳು.

"ಅದಕ್ಕೇ ನೀರು ಕಂಡ್ರೆ ಬಿಡಲ್ಲ ಕಣ್ರೀ."

ಆ ನಗುವಿಗಾಗಿಯೇ ಅವನು ಮತ್ತೆ ಮತ್ತೆ ಬಂದ. ಅವನು ಸಮುದ್ರದಲ್ಲಿದ್ದ ದಿನಗಳಲ್ಲಿ ಅವಳು ಬಸ್ಸಿನ ಕಿಟಕಿಗೆ ಹಣೆಯೊತ್ತಿ ಫೋನನ್ನೇ ನೋಡುತ್ತಿದ್ದಳು. 'ಮೇಲೆ ಬಂದೆ' ಎಂಬ ಅವನ ದನಿ ಕೇಳುವವರೆಗೆ ಊಟದ ಡಬ್ಬಿ ತೆರೆಯುತ್ತಿರಲಿಲ್ಲ.

ನಂದೀಶ್ ಮದುವೆಯ ಮಾತೆತ್ತಿದಾಗ ಅಜ್ಜಿ ಒಪ್ಪಲಿಲ್ಲ. "ಸಮುದ್ರಕ್ಕೆ ಹೋಗೋನಿಗೆ ಹೆಣ್ಣು ಕೊಡಲ್ಲ. ನಮ್ಮವ್ವ ಕಾದಿದ್ದೇ ಸಾಕು ಕಣೇ."

ಹಿರಿಯರ ಹಬ್ಬದ ದಿನ ಕೈ ನೆರವಿಗೆ ಬಂದ ನಂದೀಶ್, ಮನೆಯ ಪದ್ಧತಿ ತಿಳಿಯದೆ ಸುಬ್ಬರಾಯಪ್ಪನ ಹೆಸರಿಗೂ ಒಂದು ಬಾಳೆಲೆ ಹಾಸಿಬಿಟ್ಟ.

"ಏಮಯ್ಯಾ ನಂಗಲಿ ಅಬ್ಬಾಯಿ, ಬದುಕಿರೋರಿಗೆ ಎಡೆ ಇಡ್ತೀಯಾ?" ಮುನಿಗಂಗಮ್ಮ ತೆಲುಗು ಬೆರೆಸಿ ಆ ಹುಡುಗನನ್ನು ಗದರಿದರು.

ಎಲೆ ಎತ್ತಲು ಬಗ್ಗಿದ ನಂದೀಶ್ ಅರ್ಧಕ್ಕೇ ನಿಂತ. "ಅಜ್ಜಿ, ಆ ಹಡಗನ್ನ ಕೈಯಾರೆ ಮುಟ್ಟಿ ಬಂದಿದೀನಿ. ನಿಮ್ಮಪ್ಪನಿಗೆ ಈಜು ಬರ್ತಿತ್ತಾ?"



"ಊರ ಕೆರೆಗೂ ಇಳಿದೋರಲ್ಲ ಅಂತ ಅವ್ವ ಹೇಳ್ತಿದ್ಲು."

ಆಮೇಲೆ ತಾವೇ ಎದ್ದು ಆ ಎಲೆಗೆ ಬಿಸಿ ಅನ್ನ ಬಡಿಸಿ, "ಉಣ್ಣಪ್ಪಾ" ಎಂದರು.

ಶಿವಾನಿ ಅವರ ಕಾಲ ಬಳಿ ಕೂತಳು. "ಅಜ್ಜೀ, ಇವರನ್ನ ಬಿಟ್ಟು ನಾನಿರಲ್ಲ." ನಂದೀಶನ ಕಿವಿಗೆ ಆ ಮಾತು ಬಿದ್ದದ್ದು ಅದೇ ಮೊದಲು.

"ಹಂಗಾದ್ರೆ ಮದುವೆಯಾಗಿ ಅವನ ಜೊತೇಲೇ ಹೋಗು. ಕಾಯೋದಾದ್ರೆ ದಡದಲ್ಲಿ ನಿಂತು ಕಾಯಿ ಮಗಾ. ನಮ್ಮವ್ವನಂಗೆ ಇಲ್ಲಿ ಕೂತಲ್ಲ."

ಕಥೆ ಮುಗಿಸಿದ ಭಾರತಮ್ಮ ಕೈಗಂಟಿದ ಹುಣಸೆ ತೊಳೆದುಕೊಂಡರು. ಹೆಂಗಸರು ಮಡಿಲಿನ ಬೀಜ ಕೊಡವಿ ಎದ್ದು, ಮನೆಗಳತ್ತ ನಡೆದರು. ಬೀದಿಯ ತಿರುವಿನಲ್ಲಿ ಒಬ್ಬಾಕೆ ಫೋನ್ ಕಿವಿಗಿಟ್ಟು, "ಎಲ್ಲಿದೀರಾ?" ಎಂದು ಕೇಳುವುದು ಕೇಳಿಸಿತು.