ಡ್ರೈವರ್ ಹಿಂದಿನ ಹಸಿರು ಸೀಟು

ಬಸ್ಸುಗಳೆಲ್ಲ ಭರ್ತಿಯಾಗಿದ್ದವು. ಆದರೆ ಒಬ್ಬ ಪ್ರಯಾಣಿಕನೂ ಟಿಕೆಟ್ ಕೇಳಿರಲಿಲ್ಲ.

ಬೆಳಿಗ್ಗೆ ಸಭಾಕೋಣೆಯ ದೊಡ್ಡ ಪರದೆಯನ್ನು, ಕಚೇರಿಯವರೆಲ್ಲ ‘ತಂಗಿ’ ಎಂದು ಕರೆಯುವವಳು ಹಚ್ಚಿದಾಗ ನಮಗೆ ಕಂಡದ್ದು ಅದು. ಬಸ್ಸಿನ ಚಿತ್ರ, ಸೀಟಿಗೊಂದು ಚೌಕ. ಖಾಲಿಯಿದ್ದರೆ ಹಸಿರು, ಭರ್ತಿಯಾದರೆ ಕೆಂಪು. ಹಿಂದಿನ ಸಂಜೆ ಅವಳು ಮನೆಗೆ ಹೋಗುವಾಗ ಎಲ್ಲವೂ ಹಸಿರಾಗಿದ್ದವು. ಈಗ ಡ್ರೈವರ್ ಹಿಂದಿನ ಮೊದಲ ಸೀಟು ಮಾತ್ರ ಹಸಿರು, ಉಳಿದದ್ದೆಲ್ಲ ಕೆಂಪು. ಮುಂದಿನ ಬಸ್ಸು ತೆರೆದಳು — ಅದೂ ಹಾಗೇ. ಅದರ ಮುಂದಿನದೂ ಹಾಗೇ.

“ನನಗೊಂದು ಸೀಟು ಬಿಟ್ಟಿದಾರೆ, ಪುಣ್ಯಾತ್ಮರು,” ಎಂದರು ಮ್ಯಾನೇಜರು.

ಯಾರೂ ನಗಲಿಲ್ಲ. ಹೊಸ ಪ್ರೋಗ್ರಾಮನ್ನು ನೋಡಲು ಬಸ್ ಕಂಪನಿಯವರು ಬಂದು ಕೆಳಗಿನ ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದರು.

ನಮ್ಮದು ಬಸ್ ಸೀಟು ಕಾಯ್ದಿರಿಸುವ ಸಾಫ್ಟ್‌ವೇರ್ ಬರೆಯುವ ಕಚೇರಿ. ಎಷ್ಟೋ ವರ್ಷದಿಂದ ಒಂದು ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ನಮ್ಮೆಲ್ಲರ ಹೊಟ್ಟೆ ಹೊರೆಯುತ್ತಿತ್ತು. ಈಗ ಅದಕ್ಕೆ ನಿವೃತ್ತಿ. ಎಲ್ಲವನ್ನೂ ಹೊಸ ಭಾಷೆಯಲ್ಲಿ ಬರೆಯಬೇಕೆಂದು ಮೇಲಿನವರ ಅಪ್ಪಣೆ. ಹಳೆಯ ಭಾಷೆಯವರಲ್ಲಿ ಒಬ್ಬರನ್ನು ಮಾತ್ರ ಹೊಸ ತಂಡಕ್ಕೆ ತೆಗೆದುಕೊಳ್ಳುತ್ತಾರೆ, ಮಿಕ್ಕವರು ಹಳೆಯ ಯಂತ್ರದ ಜೊತೆಗೇ ಹೊರಗೆ ಎಂದು ಮ್ಯಾನೇಜರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆ ದಿನದಿಂದ ಕಚೇರಿಯಲ್ಲಿ ಯಾರೂ ಯಾರ ಪರದೆಯನ್ನೂ ನೇರವಾಗಿ ನೋಡುತ್ತಿರಲಿಲ್ಲ. ಓರೆಗಣ್ಣಲ್ಲಿ ನೋಡದವರೂ ಇರಲಿಲ್ಲ. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ತಂಗಿಯ ಬೆರಳು ಹೊಸ ಭಾಷೆಯಲ್ಲಿ ಸರಾಗವಾಗಿ ಓಡುವುದನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಅಕ್ಕ, ತಂಗಿ ಎಂದರೆ ಒಡಹುಟ್ಟಿದವರೇ. ಅಕ್ಕ ಮೊದಲು ಸೇರಿದವಳು, ತಂಗಿಗೆ ಕೆಲಸ ಕೊಡಿಸಿ ಹಳೆಯ ಭಾಷೆ ಕಲಿಸಿದವಳು. ಕಚೇರಿಯೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಇವತ್ತಿನ ಪ್ರದರ್ಶನ ತಂಗಿಯದು. ಅದು ಗೆದ್ದರೆ ಹುದ್ದೆ ಅವಳಿಗೆ.

ತಂಗಿ ಕೀಲಿಮಣೆಯ ಮೇಲೆ ಕೈಯಿಟ್ಟಳು. ಒಂದು ಸಾಲು ಬರೆದು ಅಳಿಸಿದಳು, ಮತ್ತೆ ಬರೆದು ಮತ್ತೆ ಅಳಿಸಿದಳು.

“ಸರಿ ಆಕಡೆ,” ಎಂದು ಅಕ್ಕ ಕುರ್ಚಿ ಎಳೆದುಕೊಂಡಳು. “ನಾನಿದೀನಲ್ಲ.”

ಒಂದೇ ಉಸಿರಿಗೆ ಹೊಸ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದಳು. ಬಸ್ಸುಗಳೆಲ್ಲ ಮತ್ತೆ ಹಸಿರಾದವು. ಮ್ಯಾನೇಜರು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಬಸ್ ಕಂಪನಿಯವರು ಬಂದರು, ನೋಡಿದರು, ತಲೆದೂಗಿ ಹೋದರು.

“ಆಪತ್ತಿಗೆ ಆದವರನ್ನೇ ಹೊಸ ತಂಡಕ್ಕೆ ತಗೋಬೇಕು,” ಎಂದರು ಮ್ಯಾನೇಜರು, ಅಕ್ಕನ ಕಡೆ ನೋಡುತ್ತ. “ಸಂಜೆ ಹೇಳ್ತೀನಿ.”

ಊಟದ ಹೊತ್ತು ಕಳೆದ ಮೇಲೆ ತಂಗಿ ನಮ್ಮ ಮೂಲೆಗೆ ಬಂದಳು.

ನಮ್ಮ ಮೂಲೆ ಎಂದರೆ ಪರೀಕ್ಷಕರ ಮೂಲೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನಮ್ಮ ಕೆಲಸ. ತಪ್ಪಿಗೆ ಇಲ್ಲಿ ‘ಹುಳ’ ಎನ್ನುತ್ತಾರೆ. ಹಾಗಾಗಿ ನನ್ನ ಮೇಲಿನ ಅಧಿಕಾರಿ ಹೆಂಗಸಿಗೆ ‘ಹುಳದಮ್ಮ’ ಎಂದು ಹೆಸರು. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ಹುಳದಮ್ಮ. ಅವರಿಗೆ ಎರಡೂ ಗೊತ್ತು.

“ಯಾರು ಮಾಡಿದ್ರು ಅಂತ ನೀವೇ ಹುಡುಕಿ ಮೇಡಂ,” ಎಂದಳು ತಂಗಿ. “ಸಂಜೆಯೊಳಗೆ.”

“ಹೊಸ ಪ್ರೋಗ್ರಾಮು ಇರೋ ಯಂತ್ರದ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?”

“ಎಲ್ಲರಿಗೂ. ಒಂದೇ ಪಾಸ್‌ವರ್ಡು.”

“ಹೊಸ ಭಾಷೆ ಬರೋದು ಯಾರಿಗೆ?”

“ನನಗೆ. ಅಕ್ಕನಿಗೆ — ಕೋರ್ಸ್ ಮುಗಿಸಿದಾಳೆ. ಆಮೇಲೆ ಹೊಸ ಹುಡುಗಿ.”

“ಹಳೇ ಪ್ರೋಗ್ರಾಮಿನ ಮೇಷ್ಟ್ರಿಗೆ?”

“ಅವರು ಅದನ್ನ ಮುಟ್ಟೋದೇ ಇಲ್ಲ.”

ಹುಳದಮ್ಮ ಕನ್ನಡಕ ಒರೆಸಿ ಎದ್ದರು. ನಾನು ಹಿಂದೆ ಹೊರಟೆ.

ಹೊಸ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಕಾಲೇಜಿನಿಂದ ಹೊಸ ಭಾಷೆಯನ್ನೇ ಕಲಿತು ಬಂದವಳು. ಹಳೆಯ ಭಾಷೆಯ ಮುಖವನ್ನೇ ಕಂಡವಳಲ್ಲ. ತಂಗಿಗೆ ಹೊಸದನ್ನು ಹೇಳಿಕೊಟ್ಟವಳೂ ಇವಳೇ.

“ಬೆಳಿಗ್ಗೆ ಪರದೆ ಮೇಲೆ ಏನು ನೋಡಿದೆ?” ಎಂದು ಕೇಳಿದರು ಹುಳದಮ್ಮ.

“ಎಲ್ಲಾ ಕೆಂಪು. ಮೊದಲನೇ ಸೀಟು ಹಸಿರು. ಯಾಕೆ ಅಂತ ಗೊತ್ತಾಗ್ಲಿಲ್ಲ.”

“ತಂಗಿ ಮೇಲೆ ನಿನಗೆ ಸಿಟ್ಟಿದೆಯಾ?”

“ಇದೆ. ಹೇಳ್ಕೊಟ್ಟಿದ್ದು ನಾನು, ಹೊಗಳಿಸ್ಕೊಳ್ಳೋದು ಅವರು. ನನ್ನ ಹೆಸರು ಒಂದು ಸಲನೂ ಎತ್ತಲಿಲ್ಲ. ಆದ್ರೆ ಇದನ್ನ ನಾನು ಮಾಡಿಲ್ಲ.”

ಮೇಷ್ಟ್ರು ತಮ್ಮ ಗೂಡಿನಂಥ ಕೋಣೆಯಲ್ಲಿದ್ದರು. ಹಳೆಯ ಪ್ರೋಗ್ರಾಮು ಹುಟ್ಟಿದ್ದು ಅವರ ಕೈಯಲ್ಲಿ. ಕಚೇರಿಯ ಅರ್ಧ ಜನಕ್ಕೆ ಕಲಿಸಿದ್ದರಿಂದ ಆ ಹೆಸರು ಬಂದಿತ್ತು.

“ಪರದೆ ಮೇಲೆ ಏನು ಕಂಡಿರಿ ಮೇಷ್ಟ್ರೇ?”

“ಡ್ರೈವರ್ ಹಿಂದಿನ ಸೀಟು ಬಿಟ್ಟು ಮಿಕ್ಕಿದ್ದೆಲ್ಲಾ ಕೆಂಪು. ನನ್ನ ಪ್ರೋಗ್ರಾಮಿನಲ್ಲಿ ಇಷ್ಟು ವರ್ಷದಲ್ಲಿ ಹೀಗೆ ಒಂದು ದಿನಾನೂ ಆಗಿರಲಿಲ್ಲಮ್ಮ.”

“ಖುಷಿ ಆಯ್ತಾ?”

“ಆಯ್ತು,” ಎಂದರು ಮೇಷ್ಟ್ರು, ಮುಚ್ಚುಮರೆಯಿಲ್ಲದೆ. “ನಾನು ಸಾಕಿದ್ದನ್ನ ಕತ್ತು ಹಿಸುಕಿ ಅದರ ಜಾಗದಲ್ಲಿ ಇದನ್ನ ಕೂರಿಸ್ತಿದಾರೆ. ಖುಷಿ ಆಗದೆ ಇರುತ್ತಾ? ಆದ್ರೆ ನನಗೆ ಆ ಭಾಷೆ ಬರಲ್ಲ.”

ಕೊನೆಗೆ ಅಕ್ಕ. ಅವಳ ಮೇಜಿನ ಸುತ್ತ ಜನ ನೆರೆದು ಕೈಕುಲುಕುತ್ತಿದ್ದರು. ಬಹಳ ದಿನದ ಮೇಲೆ ಅವಳ ಮುಖ ಗೆಲುವಾಗಿತ್ತು.

“ಬೆಳಿಗ್ಗೆ ಏನು ಕಂಡೆ?”

“ಏನು ಕಾಣೋದು ಮೇಡಂ, ಎಲ್ಲಾ ಬಸ್ಸೂ ಭರ್ತಿ. ಒಂದು ಸೀಟೂ ಉಳಿದಿರಲಿಲ್ಲ. ಪಾಪ, ನಮ್ಮ ತಂಗಿ ಮುಖ ನೋಡೋಕಾಗ್ಲಿಲ್ಲ.”

“ಯಾರ ಮೇಲೆ ಅನುಮಾನ?”

“ಮೇಷ್ಟ್ರ ಮೇಲೆ ಹೇಳೋಕೆ ನಾಲಿಗೆ ಬರಲ್ಲ.” ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು.

ಮೂಲೆಗೆ ಹಿಂತಿರುಗುವಾಗ ನನ್ನ ಪಾಂಡಿತ್ಯ ತಡೆಯಲಿಲ್ಲ. “ಮೇಡಂ, ಮೇಷ್ಟ್ರಿಗೆ ಭಾಷೆ ಬರಲ್ಲ. ಅಕ್ಕ ಕಾಪಾಡಿದವಳು. ಇನ್ನು ಉಳಿದಿದ್ದು ಹುಡುಗಿ ಒಬ್ಬಳೇ.”

“ನೀನು ಬರೀ ಲೆಕ್ಕ ಕಳೀತಾ ಹೋಗ್ತೀಯ ಕಣೋ,” ಎಂದರು ಅವರು. “ಹೋಗು, ಎಲ್ಲರನ್ನೂ ಸಭಾಕೋಣೆಗೆ ಕರಿ. ಅಕ್ಕ ಬರೆದ ರಿಪೇರಿ ಇನ್ನೂ ಯಂತ್ರದಲ್ಲಿದೆಯಲ್ಲ, ಅದನ್ನ ಯಾರೂ ಅಳಿಸದ ಹಾಗೆ ನೋಡ್ಕೋ.”

ಎಲ್ಲರೂ ಬಂದರು. ಹುಳದಮ್ಮ ಒಂದು ಬಸ್ಸನ್ನು ಪರದೆಗೆ ತಂದು ಸೀಟುಗಳನ್ನು ಒಂದೊಂದಾಗಿ ಒತ್ತಿ ಕೆಂಪು ಮಾಡಿದರು. ಡ್ರೈವರ್ ಹಿಂದಿನ ಸೀಟೂ ಕೆಂಪಾಯಿತು.

“ಈಗ ಅಕ್ಕನ ರಿಪೇರಿ ಓಡಿಸ್ತೀನಿ,” ಎಂದರು.

ಓಡಿಸಿದರು. ಬಸ್ಸೆಲ್ಲ ಹಸಿರಾಯಿತು. ಮೊದಲ ಸೀಟು ಮಾತ್ರ ಕೆಂಪಾಗಿಯೇ ಉಳಿಯಿತು.

“ಇದೇನಿದು?” ಎಂದರು ಮ್ಯಾನೇಜರು. “ಬೆಳಿಗ್ಗೆ ಸರಿಯಾಗಿತ್ತಲ್ಲ?”

“ಬೆಳಿಗ್ಗೆ ಆ ಸೀಟು ಮೊದಲೇ ಹಸಿರಾಗಿತ್ತು ಸರ್. ಹಾಗಾಗಿ ರಿಪೇರಿಯ ಹುಳ ಯಾರಿಗೂ ಕಾಣಲಿಲ್ಲ. ಮೇಷ್ಟ್ರೇ, ಆ ಸಾಲುಗಳನ್ನ ಸ್ವಲ್ಪ ನೋಡಿ. ಎಲ್ಲಿ ತಪ್ಪಿದೆ?”

“ನನಗೆ ಆ ಭಾಷೆ—”

“ನೋಡಿ ಮೇಷ್ಟ್ರೇ. ಒಂದು ಪ್ರೋಗ್ರಾಮು ನರಳ್ತಿದೆ, ನಿಮ್ಮ ಕಣ್ಣೆದುರಿಗೇ.”

ಮೇಷ್ಟ್ರು ಕುರ್ಚಿಯಲ್ಲಿ ಮಿಸುಕಾಡಿದರು. ತಡೆಯಲಾಗಲಿಲ್ಲ. “ಎಣಿಕೆ ಒಂದರಿಂದ ಶುರು ಮಾಡಿದಾಳೆ,” ಎಂದು ಗೊಣಗಿದರು. “ಹಳೇ ಭಾಷೆಯಲ್ಲಿ ಮೊದಲ ಸೀಟು ಅಂದ್ರೆ ಒಂದು. ಹೊಸದರಲ್ಲಿ ಮೊದಲ ಸೀಟು ಅಂದ್ರೆ ಸೊನ್ನೆ. ಒಂದು ಅಂದ್ರೆ ಎರಡನೇ ಸೀಟು. ಸೊನ್ನೆಯಿಂದ ಶುರು ಮಾಡ್ಬೇಕಿತ್ತು.”

ಕೋಣೆಯಲ್ಲಿದ್ದವರೆಲ್ಲ ಅವರನ್ನೇ ನೋಡಿದರು. ಮುಟ್ಟುವುದೇ ಇಲ್ಲ ಎಂದಿದ್ದ ಭಾಷೆಯನ್ನು ಮೇಷ್ಟ್ರು ಬಾಗಿಲು ಹಾಕಿಕೊಂಡು ನುಣ್ಣಗೆ ಕಲಿತು ಮುಗಿಸಿದ್ದರು. ನನಗಂತೂ ಅವರ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು.

“ಸೀಟು ಭರ್ತಿ ಮಾಡಿದವರೂ ಇದೇ ತಪ್ಪು ಮಾಡಿದಾರೆ,” ಎಂದರು ಹುಳದಮ್ಮ. “ಒಂದರಿಂದ ಎಣಿಸಿದಾರೆ, ಅದಕ್ಕೇ ಪ್ರತಿ ಬಸ್ಸಲ್ಲೂ ಮೊದಲ ಸೀಟು ಉಳೀತು. ಹೊಸ ಹುಡುಗಿ ಹುಟ್ಟಿದಾಗಿಂದ ಸೊನ್ನೆಯಿಂದಲೇ ಎಣಿಸಿದವಳು, ಅವಳ ಕೈ ಹೀಗೆ ಬರೆಯಲ್ಲ. ಮೇಷ್ಟ್ರಿಗೆ ಸೊನ್ನೆ ಗೊತ್ತು, ಈಗ ತಾನೇ ನೋಡಿದಿರಿ. ಹೊಸ ಭಾಷೆ ಬರೆಯೋಕೆ ಕಲಿತೂ ಬೆರಳಿಗೆ ಹಳೇ ಎಣಿಕೆ ಬಿಡದೇ ಇರೋರು ಇಲ್ಲಿ ಒಬ್ಬರೇ.”

ಅಕ್ಕನ ಮುಖ ಬಿಳಚಿಕೊಂಡಿತು. “ರಿಪೇರಿಯಲ್ಲಿ ಗಡಿಬಿಡಿಗೆ ತಪ್ಪಾಗಿರಬಹುದು ಮೇಡಂ. ಅಷ್ಟಕ್ಕೇ ಕಳ್ಳಿ ಅಂತೀರಾ?”

“ಅಷ್ಟಕ್ಕೇ ಅನ್ನಲ್ಲ. ಬೆಳಿಗ್ಗೆ ಏನು ಕಂಡೆ ಅಂತ ಮೂರೂ ಜನರನ್ನ ಕೇಳಿದೆ. ಹುಡುಗಿಯೂ ಮೇಷ್ಟ್ರೂ ಆ ಹಸಿರು ಸೀಟು ಹೇಳಿದ್ರು. ಮ್ಯಾನೇಜರ್ ಸಾಹೇಬರು ಅದರ ಮೇಲೆ ತಮಾಷೆನೂ ಮಾಡಿದ್ರು. ನೀನು ಪರದೆ ಮುಂದೆಯೇ ಕೂತು ರಿಪೇರಿ ಬರೆದವಳು — ಒಂದು ಸೀಟೂ ಉಳಿದಿರಲಿಲ್ಲ ಅಂದೆ. ಯಾಕಂದ್ರೆ ನೀನು ಪರದೆ ನೋಡಲೇ ಇಲ್ಲ. ಅದರಲ್ಲಿ ಏನಿರುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು, ಇಲ್ಲ, ಗೊತ್ತಿದೆ ಅಂದ್ಕೊಂಡಿದ್ದೆ. ಹಾಳು ಮಾಡೋಕೆ ಬರೆದ ಸಾಲುಗಳಲ್ಲಿ ಒಂದು ಪದ ಬದಲಾಯಿಸಿದೆ, ರಿಪೇರಿ ಸಿದ್ಧವಾಯ್ತು. ಒಂದೇ ಉಸಿರಿಗೆ ಬಂದಿದ್ದು ಅದಕ್ಕೇ.”

ಅಕ್ಕ ಮೇಜಿನ ಮೇಲಿದ್ದ ಕೀಲಿಮಣೆಯನ್ನು ದೂರ ತಳ್ಳಿದಳು.

“ಅವಳ ಕೆಲಸ ಹಾಳು ಮಾಡ್ಬೇಕು ಅಂತಿರಲಿಲ್ಲ,” ಎಂದಳು. “ಮೊದಲೆಲ್ಲ ಸಣ್ಣಪುಟ್ಟದಕ್ಕೂ ಅಕ್ಕಾ ಅಕ್ಕಾ ಅಂತ ಬರ್ತಿದ್ಲು. ಈಗ ನಾನು ಪಕ್ಕದಲ್ಲಿ ನಿಂತ್ರೂ ಅವಳಿಗೆ ಕಾಣಲ್ಲ. ನಾನೇ ಕೈ ಹಿಡಿದು ಕಲಿಸಿದವಳು ನನ್ನ ದಾಟಿ ಹೋಗೋದನ್ನ ನೋಡೋಕಾಗ್ಲಿಲ್ಲ. ಒಂದು ಸಲ, ಎಲ್ಲರೆದುರಿಗೆ, ನಾನಿಲ್ಲದೆ ಅವಳ ಕೈಲಿ ಆಗಲ್ಲ ಅನ್ನಿಸ್ಬೇಕಿತ್ತು.”

ಹುಳದಮ್ಮ ತಂಗಿಯ ಕಡೆ ತಿರುಗಿದರು. “ಅವಳು ರಿಪೇರಿ ಬರೆಯುವಾಗ ನೀನು ಪಕ್ಕದಲ್ಲೇ ಇದ್ದೆ. ನಿನಗೆ ಯಾವಾಗ ಗೊತ್ತಾಯ್ತು?”

ನಾನು ಬೆಚ್ಚಿದೆ. ತಂಗಿ ಬೆಚ್ಚಲಿಲ್ಲ.

“ಬೆಳಿಗ್ಗೆಯೇ. ಅವಳು ಒಂದು ಅಂತ ಬರೆದ ತಕ್ಷಣ.”

“ಆಗಲೇ ಹೇಳಬಹುದಿತ್ತಲ್ಲ?”

“ನಾನು ಹೇಳಿದ್ರೆ ಹೊಟ್ಟೆಕಿಚ್ಚಿಗೆ ಹೇಳ್ತಿದಾಳೆ ಅಂತಿದ್ರಿ. ನೀವು ಹುಡುಕಿದ್ರೆ ಹಾಗನ್ನಲ್ಲ.” ಅವಳು ಅಕ್ಕನ ಕಡೆ ಕೈ ತೋರಿಸಿದಳು. “ಸ್ಕೂಲಲ್ಲೂ ಅಕ್ಕನ ತಂಗಿ, ಇಲ್ಲೂ ಅಕ್ಕನ ತಂಗಿ. ಮನೇಲಿ ಅಮ್ಮ ಬಾಯಿ ಬಿಟ್ರೆ ಅಕ್ಕನ್ನ ನೋಡಿ ಕಲಿ ಅಂತಾಳೆ. ಎಲ್ಲರೂ ಇವಳನ್ನ ಹೀಗೆ ಒಂದು ಸಲ ನೋಡ್ಲಿ ಅಂತ ನನಗೂ ಅನ್ನಿಸ್ತು.”

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ಹುದ್ದೆ ತಂಗಿಗೆ ಎಂದರು. ಅವಳು ಬೇಡ ಅನ್ನಲಿಲ್ಲ. ಒಬ್ಬೊಬ್ಬರಾಗಿ ಕೋಣೆಯಿಂದ ಜಾರಿಕೊಂಡರು. ಕಂಪ್ಯೂಟರ್ ಆರಿಸುವ ನೆಪದಲ್ಲಿ ನಾನು ಹಿಂದುಳಿದೆ.

ಅಕ್ಕ ಎದ್ದು ತಂಗಿಯ ಹತ್ತಿರ ಬಂದಳು. ತಲೆ ತಗ್ಗಿಸಿದ್ದಳು.

“ಇದೊಂದು ಮಾತು ನಡೆಸ್ಕೊಡೇ. ಅಮ್ಮನಿಗೆ ಮಾತ್ರ ಹೇಳ್ಬೇಡ.”

ತಂಗಿ ತನ್ನ ವಸ್ತುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಚೀಲದ ಜಿಪ್ ಎಳೆದಳು.

“ಮಧ್ಯಾಹ್ನವೇ ಫೋನ್ ಮಾಡಿ ಹೇಳ್ದೆ,” ಎಂದಳು. “ಮೇಡಂ ಹತ್ರ ಹೋಗೋಕೆ ಮುಂಚೆ.”