ಬಂದಿಲ್ಲ ಎಂದು ಬರೆದವಳು

"ನಮ್ಮ ವರದಿ ಬಂದಿಲ್ಲ ಅಂತ ಬರೆದೋರು ಯಾರು?"

ಬಾಗಿಲು ತಳ್ಳಿಕೊಂಡು ಬಂದವನ ದನಿಗೆ ಇಡೀ ಕೋಣೆಯೇ ತಲೆ ಎತ್ತಿತು.

"ನಾನೇ. ಏನೀಗ?" ಅವಳು ಪೆನ್ನು ಕೆಳಗಿಡದೆ ಕೇಳಿದಳು.

ಯಾವ ಇಲಾಖೆ ಶಾಸನಸಭೆಗೆ ಕೊಡಬೇಕಾದ ವರದಿ ಕೊಟ್ಟಿದೆ, ಯಾವುದು ಕೊಡದೆ ಕಳ್ಳಾಟ ಆಡುತ್ತಿದೆ ಎಂದು ಪಟ್ಟಿ ಮಾಡಿ ಶಾಸಕರ ಸಮಿತಿಯ ಮುಂದಿಡುವುದು ಅವಳ ಕೆಲಸ. ಬೆನ್ನಿಗೆ ಬಿದ್ದರೆ ಬಿಡುವವಳಲ್ಲ. ಇಲಾಖೆಗಳೆಲ್ಲ ಅವಳಿಗಿಟ್ಟ ಹೆಸರು ‘ವಸೂಲಿ ಮೇಡಂ’.

ಬಂದವನು ನೀರು ಸರಬರಾಜು ಇಲಾಖೆಯಲ್ಲಿ ವರದಿ ಬರೆಯುವ ಅಧಿಕಾರಿ. ಇಷ್ಟು ದಿನ ಪತ್ರಗಳಲ್ಲೇ ಕಚ್ಚಾಡಿದ್ದರು, ಮುಖ ನೋಡಿದ್ದು ಈಗಲೇ. ಅವನ ಹಿಂದೆ ಅವನ ನಿರ್ದೇಶಕರು ಹಲ್ಲು ಕಿರಿಯುತ್ತ ನಿಂತಿದ್ದರು.

"ವರದಿ ನಿಮ್ಮ ಮೇಜಿನ ಮೇಲೇ ಇದೆ ಮೇಡಂ!"

"ಅರ್ಧಂಬರ್ಧ ಕೊಟ್ರೆ ನನ್ನ ಪ್ರಕಾರ ಕೊಟ್ಟ ಹಾಗಲ್ಲ. ಕೊನೇ ಅನುಬಂಧ ಎಲ್ಲಿ? ನೀವೇ ನುಂಗಿದ್ರಾ?"

"ಹಾಗಾದ್ರೆ ಬಂದಿದೆ ಅಂತ ಬರೀರಿ, ಅನುಬಂಧ ಇಲ್ಲ ಅಂತ ಬರೀರಿ! ವರದೀನೇ ಬಂದಿಲ್ಲ ಅಂದ್ರೆ ಹೇಗೆ? ಸರಿಯಾಗಿ ಓದೋಕೆ ಬರಲ್ವಾ ನಿಮಗೆ?"

ಓದೋಕೆ ಬರಲ್ವಾ?! ಅವಳ ಕೋಪ ನೆತ್ತಿಗೇರಿತು.

"ನನಗೆ ಕೆಲಸ ಕಲಿಸೋಕೆ ಬರಬೇಡಿ. ಬಾಗಿಲು ಆ ಕಡೆ ಇದೆ!"

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ನಿರ್ದೇಶಕರು ಕೆಮ್ಮಿದರು. ಅವನು ಅವಳನ್ನೇ ದುರುಗುಟ್ಟಿ ನೋಡಿ, ಬಾಗಿಲು ಬಡಿದು ಹೊರಟುಹೋದ.

'ಥೂ, ಗಂಟುಮೋರೆ! ಆ ಕಣ್ಣುಗಳು ಮಾತ್ರ...' ಅವಳು ತನ್ನ ಮೇಲೆಯೇ ಸಿಡುಕಿದಳು. ಅವನ ಕಣ್ಣು ಹೇಗಿದ್ದರೆ ತನಗೇನಾಗಬೇಕು!

ಮನೆಯಲ್ಲಿ ತಟ್ಟೆಯ ಮುಂದೆ ಕೂತರೂ ಅದೇ ರಾಮಾಯಣ.

"ಲೇ, ದಿನಾ ಅವನದೇ ಸುದ್ದಿ," ಅಕ್ಕ ನಕ್ಕಳು. "ಬೈಯೋಕಾದ್ರೂ ಇಷ್ಟು ನೆನೆಸ್ಕೋಬೇಕಾ?"

"ಅಕ್ಕಾ! ಅವನ ಮುಖ ಕಂಡ್ರೆ ನನಗಾಗಲ್ಲ!"

ಮುಂದಿನ ವಾರ ಸಮಿತಿಯ ಸಭೆ. ಅವನಿಗೆ ಚೆನ್ನಾಗಿ ಮಂಗಳಾರತಿ ಆಗಲಿ ಎಂದು ಅವಳು ಕಾದು ಕೂತಿದ್ದಳು.

ನಿರ್ದೇಶಕರು ಎದ್ದು ಕೈ ಮುಗಿದರು. "ಅಧ್ಯಕ್ಷರೇ, ವರದಿ ಬಂದಿಲ್ಲ ಅಂತ ನಿಮ್ಮ ಪಟ್ಟೀಲೇ ಇದೆ. ಬರೆಯೋ ಅಧಿಕಾರಿ ಶುದ್ಧ ಸೋಮಾರಿ, ಅವನನ್ನ ಕೆಲಸದಿಂದಲೇ ತೆಗೀತೀವಿ. ನಾಳೆ ಹೊಸ ವರದಿ, ಹೊಸ ಪರಿವಿಡಿ, ಎಲ್ಲಾ ಹೊಸದಾಗಿ ಕೊಡ್ತೀವಿ."

ಹೊಸ ಪರಿವಿಡಿ...?

ಅವಳಿಗೆ ಥಟ್ಟನೆ ಹಳೆಯ ಪರಿವಿಡಿಯ ಕೊನೆಯ ಸಾಲು ನೆನಪಾಯಿತು: ‘ಕುಡಿಯಲು ಯೋಗ್ಯವಲ್ಲದ ನೀರು ಬರುವ ಶಾಲೆಗಳು’. ಈಗ ಎಲ್ಲ ಹೊಳೆಯಿತು: ಅವನು ಆ ಅನುಬಂಧ ಬರೆದಿದ್ದ. ಮೇಲಿನವರು ಅದನ್ನು ಕಿತ್ತುಹಾಕಿದ್ದರು. ಪರಿವಿಡಿಯಲ್ಲಿ ಅದರ ಹೆಸರನ್ನು ಅವನು ಬೇಕೆಂದೇ ಉಳಿಸಿದ್ದ, ಪರಿವಿಡಿ ಹಿಡಿದು ಪುಟ ತಾಳೆ ನೋಡುವವಳು ಒಬ್ಬಳಿದ್ದಾಳೆ ಎಂಬ ನಂಬಿಕೆಯಿಂದ!

ಅವಳೋ ‘ಬಂದಿಲ್ಲ’ ಎಂದು ಬರೆದು ಆ ವರದಿಯನ್ನೇ ಇಲ್ಲವಾಗಿಸಿದ್ದಳು; ಹೊಸ ಪರಿವಿಡಿಯಲ್ಲಿ ಆ ಸಾಲೂ ಇರುವುದಿಲ್ಲ. ಅವತ್ತು ನಿರ್ದೇಶಕರ ಎದುರು ಬಾಯಿಬಿಟ್ಟು ಹೇಳಲಾಗದೆ ಅವನು ಕೂಗಾಡಿದ್ದು ಇದನ್ನೇ. ಈಗ ಅವಳ ಒಂದು ಪದಕ್ಕೆ ಅವನ ತಲೆದಂಡ.

ಸಮಿತಿ ಕೇಳದೆ ಅವನು ಇಲ್ಲಿ ಮಾತಾಡುವಂತಿಲ್ಲ. ನಿರ್ದೇಶಕರ ಹಿಂದೆ ಕೂತು, ಹಲ್ಲು ಕಚ್ಚಿಕೊಂಡು ಅವಳನ್ನೇ ನೋಡುತ್ತಿದ್ದ.

ಅವಳ ಪಟ್ಟಿಯಲ್ಲಿ ತಪ್ಪು ಹುಡುಕಿದವರು ಈವರೆಗೆ ಯಾರೂ ಇರಲಿಲ್ಲ. ಬಾಯಿ ತೆರೆದರೆ ಆ ಹೆಮ್ಮೆ ಮಣ್ಣುಪಾಲು. ಆದರೂ ಅವಳು ಎದ್ದು ನಿಂತಳು.

"ಅಧ್ಯಕ್ಷರೇ, ವರದಿ ಬಂದಿದೆ. ಬಂದಿಲ್ಲ ಅಂತ ಬರೆದದ್ದು ನನ್ನ ತಪ್ಪು. ಇದರ ಪರಿವಿಡೀಲಿ ಇರೋ ಒಂದು ಅನುಬಂಧ ಒಳಗಿಲ್ಲ. ಯಾಕಿಲ್ಲ ಅಂತ ಇದನ್ನ ಬರೆದೋರನ್ನೇ ಕೇಳಿ!"

ಅಧ್ಯಕ್ಷೆ ಕನ್ನಡಕ ಏರಿಸಿ ಅವನತ್ತ ತಿರುಗಿದರು. "ಹೇಳಿ."

ಅವನು ಒಂದೊಂದಾಗಿ ಎಲ್ಲವನ್ನೂ ಹೇಳಿದ. ನಿರ್ದೇಶಕರ ಮುಖ ಇಂಗು ತಿಂದ ಮಂಗನಂತಾಯಿತು. ಅನುಬಂಧ ಸಂಜೆಯೊಳಗೆ ಬರಬೇಕು, ಈ ಅಧಿಕಾರಿಯ ಕೆಲಸಕ್ಕೆ ಯಾರೂ ಕೈ ಹಾಕಕೂಡದು ಎಂದು ಅಧ್ಯಕ್ಷೆ ಗದರಿದರು.

ಹೊರಗಿನ ಮೊಗಸಾಲೆಯಲ್ಲಿ ಅವನು ಅವಳ ದಾರಿಗೆ ಅಡ್ಡ ನಿಂತ.

"ಇಷ್ಟು ತಡವಾಗಿ ಅರ್ಥ ಆಯ್ತಾ ನಿಮಗೆ?"

"ಮೊದಲೇ ನೆಟ್ಟಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅವಳೂ ಸಿಡಿದಳು. ಆದರೆ ಕಣ್ಣು ತುಂಬಿಬಂದಿತ್ತು. "ಕ್ಷಮಿಸಿ... ನಿಮ್ಮ ಅನ್ನಕ್ಕೇ ಕಲ್ಲು ಹಾಕ್ತಿದ್ದೆ."

ಅವನ ದನಿ ಇಳಿಯಿತು. "ಕೆಲಸ ಉಳೀತು. ಆದ್ರೆ ನಿರ್ದೇಶಕರು ಸುಮ್ನೆ ಬಿಡಲ್ಲ, ದೂರದ ಯಾವುದಾದ್ರೂ ಊರಿಗೆ ಎತ್ತಂಗಡಿ ಮಾಡ್ತಾರೆ."

ದೂರದ ಊರಿಗಾ...? ಅವಳಿಗೆ ಅಳು ಉಕ್ಕಿಬಂತು. ಹಾಳಾದವನು, ಹೋದರೆ ಹೋಗಲಿ ಎನ್ನಲು ನಾಲಿಗೆಯೇ ಏಳಲಿಲ್ಲ.

"ಹೋಗೋ ಮುಂಚೆ ನಮ್ಮ ಜಗಳ ಮುಗಿಸಿ ಹೋಗಿ," ಎಂದಳು ಮೆಲ್ಲಗೆ.

"ಆಗಲ್ಲ."

"ಯಾಕೆ? ಇನ್ನೂ ಅಷ್ಟು ಕೋಪಾನಾ?"

"ಕೋಪ ಇದೆ ರೀ. ಆದ್ರೆ ಜಗಳ ಮುಗಿದ್ರೆ ನಿಮ್ಮನ್ನ ನೋಡೋಕೆ ನನಗೆ ಬೇರೆ ನೆಪ ಇಲ್ಲ."

ಅವಳು ಕಣ್ಣೊರೆಸಿಕೊಂಡು, ಮುಖ ಗಂಟಿಕ್ಕಿಕೊಂಡೇ ಅವನ ಕೈ ಹಿಡಿದಳು.

"ನೆಪ ಯಾಕೆ ಬೇಕು? ಸುಮ್ನೆ ಬನ್ನಿ..."